ಬಲಗಡೆಯ ಜೇಬು

ವಿಚಾರಣೆಯ ಕೋಣೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ, ಆದರೆ ಅವಳನ್ನು ಕೂರು ಎಂದವರಿಲ್ಲ. ಕೊನೆಗೆ ಮೂಲೆಯ ಬೆರಳಚ್ಚುಗಾರ್ತಿ ಒಂದು ಕುರ್ಚಿಯ ಮೇಲಿದ್ದ ಕಡತಗಳನ್ನು ನೆಲಕ್ಕಿಳಿಸಿ, ಅದನ್ನು ಅವಳತ್ತ ತಳ್ಳಿದಳು. ಆ ಕೋಣೆಯಲ್ಲಿ ಕಪ್ಪು ಮೈಬಣ್ಣದವಳು ಅವಳೊಬ್ಬಳೇ.

ಮಗ ಸತ್ತು ಹನ್ನೊಂದು ದಿನ. ಕೆಲಸದ ಸಂದರ್ಶನಕ್ಕೆಂದು ಕೋಟು ಕೊಳ್ಳಲು ಹೋಗಿದ್ದ. ಕನ್ನಡಿಯ ಮುಂದೆ ಕೋಟು ತೊಟ್ಟು ನೋಡುತ್ತಿದ್ದವನನ್ನು ಅಂಗಡಿಯ ಕಾವಲುಗಾರ ಕಳ್ಳನೆಂದು ತಡೆದ, ಗುಂಡು ಹಾರಿಸಿದ. ಹುಡುಗ ಅದೇ ಕೋಟಿನ ಬಲಜೇಬಿನಿಂದ ಚಾಕು ತೆಗೆದ ಎಂದು ಅವನ ಹೇಳಿಕೆ. ಇನ್‌ಸ್ಪೆಕ್ಟರು ಅದನ್ನೇ ವರದಿ ಮಾಡಿದರು. ತನ್ನ ತಕರಾರಿಲ್ಲವೆಂದು ತಾಯಿ ಸಹಿ ಹಾಕಿದರೆ ಕಡತ ಮುಚ್ಚುತ್ತದೆ. ಮಗ ಕಾಗದದ ಮೇಲೆ ಎಂದೆಂದಿಗೂ ಕಳ್ಳ.

"ಏನಮ್ಮ, ಪೆನ್ನು ಕಚ್ಚುತ್ತಾ?" ಎಂದರು ಇನ್‌ಸ್ಪೆಕ್ಟರು.

"ನನ್ನ ಮಗ ಹಣ್ಣು ಹೆಚ್ಚೋಕೂ ನನ್ನನ್ನೇ ಕರೀತಿದ್ದ, ಸಾರ್."

"ಹೆತ್ತವರಿಗೆ ಹೆಗ್ಗಣ ಮುದ್ದು. ನಮಗೆ ಬಾಚಣಿಗೆ ಹ್ಯಾಗೋ ನಿಮ್ಮ ಬಣ್ಣದೋರಿಗೆ ಚಾಕು ಹಾಗೆ. ಜೇಬಲ್ಲೇ ಇರುತ್ತೆ."

ಬಾಗಿಲ ಬಳಿ ಕೂತಿದ್ದ ಅಂಗಡಿಯ ಕಾವಲುಗಾರ ಕಿಸಕ್ಕನೆ ನಕ್ಕ. ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು.

ಮೇಜಿನ ಮೇಲೆ ಕೋಟು ಹರಡಿತ್ತು. ಎದೆಯ ತೂತನ್ನು ನೋಡಲಾರದೆ ಅವಳು ದೃಷ್ಟಿಯನ್ನು ಕೆಳಗಿಳಿಸಿದಳು. ಅದು ಬಲಜೇಬಿನ ಅಂಚಿನಲ್ಲಿ ನಿಂತಿತು.

ಹದಿನೆಂಟು ವರ್ಷದಿಂದ ಉಡುಪಿನ ಕಾರ್ಖಾನೆಯಲ್ಲಿ ಅವಳದು ಒಂದೇ ಕೆಲಸ. ತೂಗುಹಾಕಿದ ಹೊಸ ಕೋಟು ಜೋಲಬಾರದೆಂದು ಜೇಬಿನ ಬಾಯನ್ನು ಹೊಲಿಗೆಯ ಸಣ್ಣ ಟಾಕು ಹಾಕಿ ಮುಚ್ಚುವುದು. ಕೊಂಡವರು ಮನೆಗೆ ಹೋಗಿ ಬಿಚ್ಚಿಕೊಳ್ಳಬೇಕು. ಬಟ್ಟೆಯ ಬಣ್ಣದ್ದೇ ದಾರ, ಅರಿಯದವರ ಕಣ್ಣಿಗೆ ಬೀಳದು. ಈ ಜೇಬಿನ ಒಂದು ಟಾಕೂ ಹರಿದಿರಲಿಲ್ಲ.

ಮಾತು ತುಟಿಯವರೆಗೆ ಬಂತು. ನುಂಗಿಕೊಂಡಳು. ಕೋಟು ಇನ್‌ಸ್ಪೆಕ್ಟರ ಕೈಯಳತೆಯಲ್ಲಿತ್ತು, ವಿಚಾರಣೆ ಮುಗಿದರೆ ಅವರ ಬೀರುವಿಗೇ ಹೋಗುತ್ತದೆ. ಅಲ್ಲಿ ಒಂದು ಬ್ಲೇಡು ಸಾಕು. ಕಪ್ಪು ಹೆಂಗಸಿನ ಮಾತು ಕೇಳಿ ಮ್ಯಾಜಿಸ್ಟ್ರೇಟರು ಕುರ್ಚಿ ಬಿಟ್ಟು ಏಳುವವರಲ್ಲ. ಅವರಾಗಿಯೇ ಕಾಣಬೇಕು.

ಪೆನ್ನು ಕೆಳಗಿಟ್ಟಳು. "ನನಗೆ ಓದು ಬರಹ ಅಷ್ಟಕ್ಕಷ್ಟೇ, ಸಾರ್. ಅವನು ಚಾಕು ಹ್ಯಾಗೆ ತೆಗೆದ ಅಂತ ಒಂದ್ಸಲ ತೋರಿಸಿಬಿಡಿ. ಸಹಿ ಹಾಕ್ತೀನಿ."

"ಇದೇನು ನಾಟಕದ ಕಂಪನಿನಾ?"

"ತೋರಿಸ್ರೀ, ಮುಗೀಲಿ," ಎಂದರು ಮ್ಯಾಜಿಸ್ಟ್ರೇಟರು.

ಇನ್‌ಸ್ಪೆಕ್ಟರು ಕೋಟು ಎತ್ತಿ ಹಿಡಿದರು. "ನೋಡು, ಹೀಗೆ ಕೈ ಹಾಕಿದ." ಬೆರಳು ಅಂಚಿನ ಮೇಲೆ ಜಾರಿತು. ಮತ್ತೆ ಹಾಕಿದರು. ಉಗುರು ಕೆರೆಯಿತು. ಆಮೇಲೆ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಲು ಹೊರಟರು.

"ಎಳೀಬೇಡಿ," ಎಂದಳು ಅವಳು. "ಅದನ್ನ ಹೊಲಿದು ಮುಚ್ಚಿದೆ. ಕಾರ್ಖಾನೆಯಿಂದ ಬಂದ ಹಾಗೇ ಇದೆ."

ಮ್ಯಾಜಿಸ್ಟ್ರೇಟರು ಎದ್ದೇ ಬಂದರು. ಎಡಜೇಬು, ಒಳಜೇಬು ಎಲ್ಲವನ್ನೂ ಮುಟ್ಟಿ ನೋಡಿದರು. ಎಲ್ಲವೂ ಮುಚ್ಚಿದ್ದವು.

"ಚಾಕು ಎಲ್ಲಿಂದ ಬಂತಯ್ಯ?" ಎಂದು ಕಾವಲುಗಾರನನ್ನು ಕೇಳಿದರು. ಅವನು ಉತ್ತರಕ್ಕಾಗಿ ಇನ್‌ಸ್ಪೆಕ್ಟರ ಮುಖ ನೋಡಿದ. ಅವನು ಹಾಗೆ ನೋಡಿದ್ದನ್ನು ಕೋಣೆಯೆಲ್ಲ ನೋಡಿತು.

"ಕೋಟಿಗೆ ಈಗಲೇ ನನ್ನ ಮೊಹರು. ಟಾಕು ಎಷ್ಟಿದೆ ಅಂತಾನೂ ಬರೀರಿ," ಎಂದು ಮ್ಯಾಜಿಸ್ಟ್ರೇಟರು ಬೆರಳಚ್ಚುಗಾರ್ತಿಗೆ ಹೇಳಿದರು.

ದಾರ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವಳೇ ಎಣಿಸಬೇಕಾಯಿತು. ಎಣಿಸುವಾಗ ಕೋಟಿನ ತೋಳನ್ನು ಮೊಣಕೈವರೆಗೆ ನೇವರಿಸಿದಳು. ಮಗನಿಗೆ ಅದು ಗಿಡ್ಡವಾಗುತ್ತಿತ್ತು, ಇನ್ನೊಂದಳತೆ ದೊಡ್ಡದು ಬೇಕಿತ್ತು.

"ಒಂಬತ್ತು," ಎಂದಳು.

ಇನ್‌ಸ್ಪೆಕ್ಟರು ಅವಳ ಕಿವಿಯ ಬಳಿ ಬಗ್ಗಿದರು. "ನಿನ್ನ ಮನೆ ಎಲ್ಲಿದೆ ಗೊತ್ತು. ಇನ್ನೊಬ್ಬ ಮಗ ಇದಾನಲ್ಲ?"

ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಸಾರ್ ಏನೋ ಹೇಳ್ತಿದಾರೆ," ಎಂದಳು ಎಲ್ಲರಿಗೂ ಕೇಳುವಂತೆ. "ಅದನ್ನೂ ಬರ್ಕೊಳ್ಳಮ್ಮ."

ಬೆರಳಚ್ಚುಗಾರ್ತಿಯ ಕಿವಿ ಕೆಂಪಾಯಿತು. ಆದರೂ ಯಂತ್ರದ ಕಾಗದವನ್ನು ಒಂದು ಸಾಲು ಮೇಲೆ ಸರಿಸಿ ಇನ್‌ಸ್ಪೆಕ್ಟರತ್ತ ತಿರುಗಿದಳು.

"ಜೋರಾಗಿ ಹೇಳಿ, ಸಾರ್."