ಹಸಿರಾದ ಅರವತ್ತು ಸೆಕೆಂಡು

ತಿಂಗಳಿಡೀ ನಡೆದ ಉಪವಾಸದ ಕೊನೆಯ ದಿನ. ಪೆನಾಂಗ್‌ನ ಒಂದು ಕಚೇರಿಯಲ್ಲಿ ಮಧ್ಯಾಹ್ನಕ್ಕೇ ರೊಸ್ನಾನಿಯ ಕಣ್ಣು ಎಳೆಯುತ್ತಿತ್ತು. ಊರಿಗೆ ಹೊರಡುವ ಚೀಲ ಮೇಜಿನ ಕೆಳಗಿತ್ತು. ರೋಗಿಯ ರಕ್ತನಾಳಕ್ಕೆ ಔಷಧಿ ಹರಿಸುವ ಯಂತ್ರವೊಂದರ ತಂತ್ರಾಂಶ ಏನೇನು ಮಾಡಬೇಕೆಂದು ಬರೆದ ವಾಕ್ಯಗಳಿಗೆ ಅವಳು ಒಪ್ಪಿಗೆ ಒತ್ತಬೇಕು, ಅಷ್ಟೇ. ಅದನ್ನು ಕಳಿಸಿಯೇ ಹಬ್ಬಕ್ಕೆ ಹೊರಡಿ ಎಂದು ಮೇಲಿನವರು ಹೇಳಿದ್ದರು. ಸಂಜೆಯ ಬಸ್ಸಿಗೆ ಗಂಡ, ಮಕ್ಕಳು ಕಾಯುತ್ತಾರೆ.

ಪರದೆಯ ತುಂಬ ಹಸಿರು. ವಾಕ್ಯಗಳನ್ನು ತಪಾಸಣೆ ಮಾಡುವ ಸಾಧನ ಎಲ್ಲಿಯೂ ಕೊಂಕು ತೆಗೆದಿರಲಿಲ್ಲ. ಆದರೂ ಒಂದು ಸಾಲಿಗೆ ಬಂದು ಅವಳು ನಿಂತಳು: ‘ನಳಿಕೆಯಲ್ಲಿ ಗಾಳಿ ಕಂಡರೆ ಅರವತ್ತು ಸೆಕೆಂಡಿನೊಳಗೆ ಯಂತ್ರ ನಿಲ್ಲಬೇಕು.’

ಯಂತ್ರವನ್ನು ಬಳಸಲಿರುವ ಆಸ್ಪತ್ರೆಯವರೊಡನೆ ನಡೆದ ಸಭೆಯಲ್ಲಿ ಅವಳೂ ಇದ್ದಳು. ಅವರು ಹೇಳಿದ್ದು ‘ತಕ್ಷಣ’ ಎಂದಷ್ಟೇ.

“ಬೂನ್ ಹಾಕ್, ಈ ಅರವತ್ತು ಯಾರು ಹೇಳಿದ್ದು?”

ಪಕ್ಕದ ಮೇಜಿನ ಬೂನ್ ಹಾಕ್ ಚಹಾದ ಲೋಟವನ್ನು ಅವಳ ಕಣ್ಣಿಗೆ ಬೀಳದಂತೆ ಸರಿಸಿದ. “ಯಾರೂ ಇಲ್ಲ ಅಕ್ಕಾ. ‘ತಕ್ಷಣ’ ಅಂತ ಬರೆದ್ರೆ ಈ ಸಾಧನ ಕೆಂಪು ತೋರಿಸ್ತಾನೇ ಇತ್ತು, ಅಳತೆ ಹೇಳು ಅಂತ. ಆಮೇಲೆ ಕೇಳಿದ್ರಾಯ್ತು ಅಂತ ಒಂದು ನಂಬರ್ ಹಾಕ್ದೆ. ಸುಮ್ನಾಯ್ತು.”

“ನೀನೂ ಸುಮ್ನಾದೆ.”

“ಹೂಂ. ಪರೀಕ್ಷೆ ಮಾಡೋರು ಅದನ್ನೇ ಹಿಡ್ಕೊಂಡು ಪರೀಕ್ಷೆ ಮಾಡಿದ್ರು. ಯಂತ್ರ ಪಾಸೂ ಆಯ್ತು.”

ರೊಸ್ನಾನಿ ಗೋಡೆ ಗಡಿಯಾರ ನೋಡಿದಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಹೊಡೆಯುವವರೆಗೂ ನೋಡಿದಳು. ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಆ ಹೊತ್ತಿಗೆ ಗಾಳಿ ರೋಗಿಯ ಮೈ ಸೇರಿರುತ್ತದೆ.

“ಈಗ ಬದಲಾಯಿಸಿದ್ರೆ ಅದಕ್ಕೆ ಜೋಡಿಸಿರೋ ವಾಕ್ಯ, ಪರೀಕ್ಷೆ ಎಲ್ಲ ಕೆಂಪಾಗುತ್ತೆ,” ಎಂದ ಬೂನ್ ಹಾಕ್. “ಒಂದೊಂದನ್ನೂ ಮತ್ತೆ ನೋಡ್ಬೇಕು. ಹಬ್ಬ ಮುಗಿಸ್ಕೊಂಡು ಬಂದು ನೋಡಿದ್ರಾಗಲ್ವಾ?”

“ಒಪ್ಪಿಗೆ ಬಿದ್ದ ಮೇಲೆ ಯಾರು ನೋಡ್ತಾರೆ? ಹಸಿರಾಗಿದ್ದನ್ನ ನೀನು ಯಾವತ್ತಾದ್ರೂ ತೆಗೆದು ನೋಡಿದ್ದೀಯಾ?”

ಅವಳು ಅರವತ್ತನ್ನು ಅಳಿಸಿದಳು. ಪರದೆಯ ಮೇಲೆ ಕೆಂಪು ಒಂದರ ಹಿಂದೊಂದು ಹಬ್ಬಿತು. ಕೋಪವೂ ಬರಲಿಲ್ಲ, ಅಷ್ಟು ದಣಿದಿದ್ದಳು. ಗಂಡನಿಗೆ ಫೋನ್ ಮಾಡಿದಳು.

“ಮಕ್ಕಳನ್ನ ಕರ್ಕೊಂಡು ನೀವು ಹೊರಡಿ. ನಾನು ನಾಳೆ ಬರ್ತೀನಿ.”

“ಹಬ್ಬದ ದಿನ ಬಸ್ ಎಲ್ಲಿದೆ ಮಾರಾಯ್ತಿ?”

ರೊಸ್ನಾನಿ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದಳು.

ಬೂನ್ ಹಾಕ್ ಕುರ್ಚಿ ಎಳೆದುಕೊಂಡು ಬಂದ. “ಅರ್ಧ ನನಗೆ ಕೊಡಿ. ಉಪವಾಸ ಬಿಡೋ ಹೊತ್ತಿಗೆ ಏನ್ ತರ್ಲಿ?”

“ನೀರು ಸಾಕು,” ಎಂದು ರೊಸ್ನಾನಿ ಆಸ್ಪತ್ರೆಯ ನಂಬರ್ ಒತ್ತಿದಳು. ‘ತಕ್ಷಣ’ ಅಂದರೆ ಎಷ್ಟು ಎಂದು ಈಗಲಾದರೂ ಕೇಳಬೇಕಿತ್ತು.