ಶ್ರೀಶೈಲದ ದಾರಿಯಲ್ಲಿ ಬಿದ್ದ ದಂಡ

ಅಕ್ಕಂದಿರೇ, ತಂಗಿಯರೇ, ಸ್ವಂತ ಕಾರಿಲ್ಲದವರು ದೂರದ ದೇವರಿಗೆ ಹೋಗಬೇಕಾದರೆ ಏನು ಮಾಡುತ್ತೇವೆ? ಯಾರದಾದರೂ ಕಾರು ಕೇಳುತ್ತೇವೆ. ಕಾರು ಸಿಕ್ಕಿತೆಂದರೆ ನೆಂಟರಿಗೆಲ್ಲ ಫೋನ್ ಮಾಡುತ್ತೇವೆ. ಐದು ಜನರ ಕಾರಿನಲ್ಲಿ ಏಳು ಜನ ಕೂರುತ್ತೇವೆ. ನಾವೂ ಹಾಗೇ ಹೋದೆವು. ಅದರ ಫಲವನ್ನು ಮಾತ್ರ ನಾವು ಉಣ್ಣಲಿಲ್ಲ, ಕಾರು ಕೊಟ್ಟವನು ಉಂಡ.

ನನ್ನ ಹೆಸರು ಸಂಗವ್ವ. ಊರು ವಿಜಯಪುರದ ಕಡೆ. ಯಲಹಂಕದ ಪುಟ್ಟೇನಹಳ್ಳಿಗೆ ಬಾಡಿಗೆಗೆ ಬಂದು ಒಂಬತ್ತು ವರ್ಷವಾಯಿತು. ಗಂಡ ಸೋಮನಾಥ ಜಾಲಹಳ್ಳಿಯ ಕಾರ್ಖಾನೆಯೊಂದಕ್ಕೆ ಹೋಗುತ್ತಾರೆ. ಮನೆ ಓನರ್ ಗಂಗರತ್ನಮ್ಮ ಇದೇ ಊರಿನ ಹಳೇ ಮನೆತನದವರು. ಜಮೀನೆಲ್ಲ ಎಂದೋ ಹೋಗಿ, ಎರಡು ಬಾಡಿಗೆ ಮನೆ ಉಳಿದಿವೆ. ಅವರ ಯಜಮಾನರು ಚನ್ನಕೇಶವ ತೀರಿಕೊಂಡು ಎರಡು ವರ್ಷ. ಮಗ ಉಮೇಶ್ ತಣಿಸಂದ್ರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಆ ಅಂಗಡಿ ಮುಚ್ಚಿತು. ಅವನ ಹತ್ತಿರ ಉಳಿದಿದ್ದು ಒಂದು ಬಿಳಿ ಕಾರು.

ಯುಗಾದಿ ಬಂತೆಂದರೆ ನಮ್ಮ ಕಡೆಯವರಿಗೆ ಶ್ರೀಶೈಲದ ಮಲ್ಲಯ್ಯನ ಹಂಬಲ. ಪುಣ್ಯವಂತರು ನಡೆದುಕೊಂಡೇ ಹೋಗುತ್ತಾರೆ. ನಮಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ನಾನೇ ಹೋಗಿ ಕಾರು ಕೇಳಿದೆ. ಉಮೇಶ್ ಹಿಂದೆಮುಂದೆ ನೋಡದೆ ಕೀ ತಂದು ನನ್ನ ಗಂಡನ ಕೈಗೆ ಕೊಟ್ಟ.

"ತಗೊಳ್ಳಿ ಸೋಮಣ್ಣ, ಗಾಡಿ ಸುಮ್ನೆ ನಿಂತಿರುತ್ತೆ. ಹುಷಾರಾಗ್ ಹೋಗ್ಬನ್ನಿ. ನನಗೊಂದು ಕೆಲ್ಸ ಸಿಗ್ಲಿ ಅಂತ ಕೈ ಮುಗೀರಿ."

ನಾವು ನಾಲ್ವರು, ನನ್ನ ಅಣ್ಣನ ಮನೆಯವರು ಮೂವರು. ಮುಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಮಗಳು ರಕ್ಷಾ. ಸೀಟ್ ಬೆಲ್ಟ್ ಹಾಕಿಕೊಂಡರೆ ಮಗು ಕೂರುವುದೆಲ್ಲಿ? ಬೆಲ್ಟು ಪಕ್ಕದಲ್ಲಿ ಜೋತಾಡುತ್ತಿತ್ತು. ಆಂಧ್ರದ ಗಡಿ ದಾಟಿದ ಮೇಲೆ ಒಂದು ಊರಿನ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಒಬ್ಬ ಪೊಲೀಸಪ್ಪ ಬಗ್ಗಿ ನಮ್ಮನ್ನೆಲ್ಲ ಬೆರಳು ಮಾಡಿ ಎಣಿಸಿದ. ಮುಂದೆ ನಿಂತು ಫೋಟೋ ಹೊಡೆದ. ಕೈಯಲ್ಲಿದ್ದ ಮಿಷಿನ್ನಿನಿಂದ ಒಂದು ಚೀಟಿ ಹರಿದುಕೊಟ್ಟು, ದಂಡ ಇಲ್ಲಿ ಬೇಡ, ಆನ್‌ಲೈನಿನಲ್ಲಿ ಕಟ್ಟಿ ಎಂದು ತೆಲುಗಿನಲ್ಲಿ ಹೇಳಿದ. ಗದರಲೂ ಇಲ್ಲ, ಪಾಪ.

"ಉಮೇಶಗ ಒಂದು ಫೋನ್ ಮಾಡಿ ಹೇಳ್ಲೇನು?" ಎಂದರು ಗಂಡ.

"ಸುಮ್ನಿರ್ರಿ," ಎಂದೆ ನಾನು. "ದೇವರಿಗೆ ಹೊಂಟಾಗ ಅಂಥಾ ಮಾತ್ಯಾಕ? ಆಂಧ್ರದಾಗ ಹರಿದು ಕೊಟ್ಟ ಚೀಟಿನ ಬೆಂಗಳೂರಾಗ ಯಾರ ಕೇಳ್ತಾರ? ಹೇಳಿದ್ರ ಮುಂದಿನ ಸಲ ಕಾರು ಕೊಡ್ತಾನೇನು?"

ಎಂಥ ಬುದ್ಧಿವಂತೆ ನೋಡಿ ನಾನು!

ಎರವಲು ತಂದ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂದಿರುಗಿಸುವುದಿಲ್ಲ. ಕಾರಿಗೂ ಅದೇ ಮರ್ಯಾದೆ ಮಾಡಿದೆವು. ಪೆಟ್ರೋಲ್ ತುಂಬಿಸಿದೆವು, ತೊಳೆದೆವು, ಕೀ ಜೊತೆ ಪ್ರಸಾದವನ್ನೂ ಕೊಟ್ಟೆವು. ಒಳಗೆ ಗುಡಿಸುವಾಗ ಸೀಟಿನ ಕೆಳಗೆ ಆ ಚೀಟಿ ಸಿಕ್ಕಿತು. ಅದನ್ನು ಮಡಚಿ ಕಸದ ಬುಟ್ಟಿಗೆ ಹಾಕಿದವಳು ನಾನೇ.

ಆದದ್ದಾಯಿತು, ಅಲ್ಲಿಗಾದರೂ ಸರಿ ಮಾಡಬಹುದಿತ್ತು. ಮುಂದಿನ ತಿಂಗಳೇ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಶಾಂತಲಾ ಇದೇ ವಿಷಯ ಎತ್ತಿದಳು. ಅವಳಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯಿದೆ.

"ದಂಡ ಬಿದ್ರೆ ಮುಚ್ಚಿಡ್ಬೇಡ್ರೀ," ಎಂದಳು. "ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿದ್ರೆ ದಂಡ ಇದೆಯಾ ಇಲ್ವಾ ಗೊತ್ತಾಗುತ್ತೆ."

ಸಂಘದ ಇನ್ನೊಬ್ಬ ಸದಸ್ಯೆ ರತ್ನವ್ವ ನಕ್ಕಳು. "ನಮ್ಮ ರಾಜ್ಯದ್ದು ಗೊತ್ತಾಗ್ತದ ಬಿಡವಾ. ಬ್ಯಾರೆ ರಾಜ್ಯದ್ದು ಇಲ್ಲಿಗೆ ಹೆಂಗ ಬರ್ತದ?"

"ಗಾಡಿ ಎಲ್ಲಿ ಹೋದ್ರೂ ನಂಬರ್ ಒಂದೇ ಅಲ್ವಾ ರತ್ನವ್ವ? ಬೇರೆ ರಾಜ್ಯದ್ದೂ ಅಲ್ಲೇ ಕಾಣುತ್ತೆ. ಕಾಣ್ಲಿಲ್ಲ ಅಂದ್ರೆ ಆ ರಾಜ್ಯದ ಪೊಲೀಸರ ಜಾಲತಾಣದಲ್ಲೂ ಒಂದ್ಸಲ ನೋಡ್ಬೇಕು. ಗಡುವು ಮೀರಿದ್ರೆ ಕೇಸು ಅಲ್ಲಿನ ಕೋರ್ಟಿಗೆ ಹೋಗುತ್ತೆ. ಆಮೇಲೆ ಆರ್‌ಟಿಓನಲ್ಲಿ ಆ ಗಾಡಿಯ ಕೆಲ್ಸ ಮುಂದಕ್ಕೆ ಹೋಗಲ್ಲ."

ನಾನು ಕಸದ ಬುಟ್ಟಿಗೆ ಹಾಕಿದ ಚೀಟಿ ನೆನಪಾಯಿತು. ಆದರೂ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ: "ಮೊಬೈಲಿಗೆ ಮೆಸೇಜ್ ಬಂದಿಲ್ಲಂದ್ರ ದಂಡಾನೂ ಇಲ್ಲಂತ ಅಲ್ಲೇನು?"

"ಅಯ್ಯೋ, ಹಂಗಂದ್ಕೋಬೇಡಿ ಸಂಗವ್ವ. ಗಾಡಿಯ ಆರ್‌ಸಿ ಜೊತೆ ಯಾವ ಮೊಬೈಲ್ ನಂಬರ್ ಕೊಟ್ಟಿರ್ತೀವೋ ಅದಕ್ಕೆ ಹೋಗುತ್ತೆ. ಆ ನಂಬರೇ ಬಂದ್ ಆಗಿದ್ರೆ?"

ಉಮೇಶನ ವಿಷಯದಲ್ಲಿ ಆಗಿದ್ದೂ ಅದೇ. ಕಾರು ಕೊಳ್ಳುವಾಗ ತಂದೆಯ ನಂಬರ್ ಕೊಟ್ಟಿದ್ದರು. ತಂದೆ ಹೋದ ಮೇಲೆ ಆ ಸಿಮ್ ಸತ್ತಿತ್ತು. ಅವನಿಗೆ ತಿಳಿಸಬಲ್ಲವರು ಲೋಕದಲ್ಲಿ ಗಂಡ ಹೆಂಡತಿ ನಾವಿಬ್ಬರೇ. ನಾನು ಸಭೆ ಮುಗಿಸಿ ಮನೆಗೆ ಬಂದು ರೊಟ್ಟಿ ಬಡಿದೆ. ಬಾಯಿ ಬಿಡಲಿಲ್ಲ.

ಶ್ರಾವಣದಲ್ಲಿ ಉಮೇಶನಿಗೆ ದಾರಿಯೊಂದು ಕಂಡಿತು. ಹೆಬ್ಬಾಳದ ಕಂಪನಿಯೊಂದು ನೌಕರರನ್ನು ಕರೆದೊಯ್ಯಲು ಅವನನ್ನೂ ಅವನ ಕಾರನ್ನೂ ಒಪ್ಪಿಕೊಂಡಿತು. ಅದಕ್ಕೆ ಆರ್‌ಟಿಓನಲ್ಲಿ ಸ್ವಂತ ಗಾಡಿಯ ಬಿಳಿ ಬೋರ್ಡು ಬಾಡಿಗೆ ಗಾಡಿಯ ಹಳದಿ ಬೋರ್ಡಾಗಬೇಕು, ಒಂದನೇ ತಾರೀಖಿನೊಳಗೆ ಕಾಗದಪತ್ರ ಕೊಡಬೇಕು. ಗಂಗರತ್ನಮ್ಮ ಕೇರಿಗೆಲ್ಲ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಎರಡೇ ದಿನಕ್ಕೆ ಉಮೇಶ್ ಆರ್‌ಟಿಓ ಕಚೇರಿಯಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ನೇರ ನಮ್ಮ ಬಾಗಿಲಿಗೇ ಬಂದ.

"ಸೋಮಣ್ಣ, ಆಂಧ್ರದಲ್ಲಿ ಗಾಡಿ ಮೇಲೆ ದಂಡ ಇದೆ ಅಂತಿದ್ದಾರೆ. ಶ್ರೀಶೈಲಕ್ಕೆ ಹೋದಾಗ ಪೊಲೀಸ್ರು ಏನಾದ್ರೂ ಹಿಡಿದಿದ್ರಾ?"

ಗಂಡ ಬಾಯಿ ತೆರೆಯುವಷ್ಟರಲ್ಲಿ ನಾನು ಅಂದುಬಿಟ್ಟೆ: "ಇಲ್ಲಪ್ಪಾ! ಹಿಡಿದಿದ್ರ ಹೇಳ್ತಿರಲಿಲ್ಲೇನು?"

ಅವನು ನಂಬಿದ. "ಹಂಗಾದ್ರೆ ಯಾವನೋ ನನ್ನ ನಂಬರ್ ಪ್ಲೇಟ್ ಹಾಕ್ಕೊಂಡು ಓಡಾಡ್ತಿದ್ದಾನೆ," ಎಂದು ದೂರು ಕೊಡಲು ಹೊರಟ. ನಾಲ್ಕು ದಿನ ಠಾಣೆಗೂ ಆರ್‌ಟಿಓಗೂ ಅಲೆದ. ಅಷ್ಟೂ ದಿನ ಗಂಡ ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ. ಈಗ ಹೇಳಿದರೆ ಸುಳ್ಳುಗಾತಿ ಎನ್ನುತ್ತಾರಲ್ಲ ಎಂಬ ಹೆದರಿಕೆ.

ಐದನೆಯ ದಿನ ಉಮೇಶ್ ಶಾಂತಲಾಳ ಅಂಗಡಿಗೆ ಹೋದ. ಅವಳು ಆ ದಂಡದ ವಿವರ ತೆಗೆದು, ಜೊತೆಗಿದ್ದ ಫೋಟೋವನ್ನು ಅವನ ಮೊಬೈಲಿಗೆ ಹಾಕಿಕೊಟ್ಟಳು. ಸಂಜೆ ಅವನು ಅಂಗಳದಲ್ಲಿ ತಾಯಿಗೆ ಅದನ್ನು ತೋರಿಸಿದ. ನಾನು ಬಟ್ಟೆ ಒಣಹಾಕುತ್ತಿದ್ದೆ. ಗಂಗರತ್ನಮ್ಮ ಕನ್ನಡಕ ಏರಿಸಿ ನೋಡಿದರು.

"ಲೇ, ಮುಂದ್ಗಡೆ ಮಗೀನ ತೊಡೆ ಮ್ಯಾಲೆ ಕೂರುಸ್ಕೊಂಡವ್ಳಲ್ಲ, ಇವ್ಳು ನಮ್ ಸಂಗವ್ವ ಅಲ್ವೇನೋ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಂಡ ಹೊರಗೆ ಬಂದು ಕೈ ಮುಗಿದು ಎಲ್ಲವನ್ನೂ ಹೇಳಿದರು. ಉಮೇಶ್ ಬೈಯಲಿಲ್ಲ. "ಮೊದ್ಲೇ ಹೇಳಿದ್ರೆ ಆಗಿತ್ತಲ್ಲ ಅಣ್ಣಾ," ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ದಂಡ ಕಟ್ಟಲು ನಾವು ಮರುದಿನವೇ ಓಡಿದೆವು. ಆದರೆ ಗಡುವು ಮೀರಿ ಕೇಸು ಆ ಊರಿನ ಕೋರ್ಟಿಗೆ ಹೋಗಿತ್ತು. ಗಂಡ ರಜೆ ಹಾಕಿ ಬಸ್ಸು ಹತ್ತಿದರು. ಅಲ್ಲಿ ಕಟ್ಟಿ, ರಸೀದಿ ತಂದು, ಇಲ್ಲಿಯ ಕಂಪ್ಯೂಟರಿನಲ್ಲಿ ಬಾಕಿ ತೆಗೆಸುವಷ್ಟರಲ್ಲಿ ಒಂದನೇ ತಾರೀಖು ದಾಟಿತು. ಕಂಪನಿಯವರು ಯಾರಿಗಾಗಿ ಕಾಯುತ್ತಾರೆ? ಬೇರೆಯವರ ಕಾರು ತೆಗೆದುಕೊಂಡರು.

ನಾನು ಗಂಗರತ್ನಮ್ಮನ ಕಾಲು ಹಿಡಿಯಲು ಹೋದೆ. ಅವರು ಹಿಂದೆ ಸರಿದರು.

"ದಂಡ ಬಿದ್ದಿದ್ಕೆ ನಂಗೆ ಬೇಜಾರಿಲ್ಲ ಕಣವ್ವ. ದಂಡ ಯಾರ್ಗೆ ಬೀಳಾಕಿಲ್ಲ? ನನ್ ಮಗ ನಿನ್ ಬಾಗ್ಲಿಗ್ ಬಂದು ಕೇಳ್ದಾಗ, ಅವ್ನ ಮಕ ನೋಡ್ಕಂಡು ಇಲ್ಲ ಅಂದ್ಯಲ್ಲ, ಇಂಗ್ ಮಾಡ್ಬೋದಾ?"



ಉಮೇಶ್ ಈಗ ಬೇರೆಯವರ ಸರಕು ಗಾಡಿ ಓಡಿಸುತ್ತಾನೆ. ಎದುರು ಸಿಕ್ಕಾಗ "ಊಟ ಆಯ್ತಾ ಅಕ್ಕ" ಎಂದು ಇವತ್ತಿಗೂ ಕೇಳುತ್ತಾನೆ. ಆಗ ನನಗೆ ಅಳು ಬರುತ್ತದೆ. ಅವನು ಆರ್‌ಸಿಯಲ್ಲಿ ತನ್ನ ಮೊಬೈಲ್ ನಂಬರ್ ಹಾಕಿಸಿಕೊಂಡ. ನಮ್ಮ ಮನೆಯಲ್ಲಿ ಬೈಕ್ ಹೊರಗೆ ಹೋಗಿ ಬಂದರೆ ಮಗ ಕೀರ್ತಿಯೇ ಜಾಲತಾಣ ತೆರೆದು ನೋಡುತ್ತಾನೆ. ಬುದ್ಧಿ ಬಂದಿದೆ, ಹೋದದ್ದು ಬಂದಿಲ್ಲ.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕಾರಿಗೆಷ್ಟು ಜನವೋ ಅಷ್ಟೇ ಜನ ಹೋಗಿ, ಬೆಲ್ಟ್ ಹಾಕಿಕೊಳ್ಳಿ. ನಿಮ್ಮ ಗಾಡಿಯ ಕಾಗದದಲ್ಲಿ ಯಾರ ಮೊಬೈಲ್ ನಂಬರ್ ಇದೆಯೆಂದು ಈ ವಾರವೇ ನೋಡಿ. ವಾಟ್ಸಾಪಿನಲ್ಲಿ ದಂಡದ ಹೆಸರು ಹೇಳಿ ಲಿಂಕ್ ಬಂದರೆ ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ, ಮೋಸಗಾರರೂ ಇದ್ದಾರೆ. ಸರ್ಕಾರದ ಜಾಲತಾಣವನ್ನು ನೀವೇ ತೆರೆದು ನೋಡಿ. ದಂಡ ತಪ್ಪಾಗಿ ಬಿದ್ದಿದ್ದರೆ ಅಲ್ಲೇ ತಕರಾರು ಸಲ್ಲಿಸಿ, ಸರಿಯಾಗಿದ್ದರೆ ಗಡುವಿನೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಗೊತ್ತಾಗದಿದ್ದರೆ ಶಾಂತಲಾಳಂಥವರನ್ನು ಕೇಳಿ, ಅದರಲ್ಲಿ ನಾಚಿಕೆಯೇನಿದೆ?

ಇನ್ನು, ಬೇರೆಯವರ ಗಾಡಿಯಲ್ಲಿ ಹೋದಾಗ ದಂಡ ಬಿದ್ದರೆ ಅವರ ಬಾಗಿಲಿಗೆ ನೀವಾಗಿಯೇ ಹೋಗಿ. ಆ ಬಾಗಿಲಲ್ಲಿ ನಿಂತು ನಿಜ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದರೂ ಹೇಳಿ. ಅವರು ಬಂದು ಕೇಳುವ ತನಕ ಕಾಯಬೇಡಿ.