ಕೆನ್ನೆಗೆ ತಾಗದ ಅಂಚು

ತುಳು ಸೀಮೆಯ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಉಗ್ಗಪ್ಪ ಇಪ್ಪತ್ತೆರಡು ವರ್ಷಗಳಿಂದ ಪ್ಲಾಸ್ಟಿಕ್ ಲೋಟ, ಮಗ್ಗು ತಯಾರಿಸುವ ಯಂತ್ರ ನಡೆಸುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ನಮಿತಾ 2017ರ ಜೂನಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆಂದು ಐರ್ಲೆಂಡಿಗೆ ಹೋದಳು. ಆಸ್ಪತ್ರೆಯ ಉಪಕರಣ ವಿನ್ಯಾಸ ಮಾಡುವ ಸಣ್ಣ ಕಂಪೆನಿ ಅದು. ಉಬ್ಬಸದ ಮಕ್ಕಳಿಗೆ ಔಷಧದ ಹಬೆ ಕೊಡುವ ಮಾಸ್ಕು ಅವಳ ಪಾಲಿಗೆ ಬಂತು.

ಅವಳು ಬಿಡಿಸಿದ ನಕ್ಷೆಯ ಮೇಲೆ ಮೊದಲ ಮಾಸ್ಕು ತಯಾರಾಯಿತು. ಆಸೆಯಿಂದ ಮುಖಕ್ಕೆ ಒತ್ತಿ ನೋಡಿಕೊಂಡಳು. ತೆಗೆದಾಗ ಕೆನ್ನೆಯ ಮೇಲೆ ಕೆಂಪು ಗೆರೆ! ಮೇಲ್ವಿಚಾರಕಿ ನೋರಾ ನಕ್ಕು, ದಾರಿ ನೀನೇ ಹುಡುಕು ಎಂದಳು. ಮೂರು ದಿನ ಹುಡುಕಿದರೂ ಸಿಗಲಿಲ್ಲ.

ಭಾನುವಾರ ಮನೆಗೆ ವೀಡಿಯೊ ಕರೆ ಮಾಡಿದಾಗ ತಾಯಿ ಅಮ್ಮಣಿಗೆ ಸಂಶಯ ಬಂತು. "ಮುಖ ಯಾಕೆ ಸಪ್ಪೆ ಉಂಟು ಮಗಾ? ಊಟ ಸರಿ ಇಲ್ವಾ?"

ನಮಿತಾ ಮಾಸ್ಕನ್ನು ಫೋನಿನ ಮುಂದೆ ಹಿಡಿದಳು. ಉಗ್ಗಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ.

"ಅಂಚನ್ನು ತಿರುಗಿಸು. ಹಾಂ, ಅಲ್ಲೇ. ಅಚ್ಚಿನ ಎರಡು ಭಾಗ ಸೇರುವುದು ಅಲ್ಲಿಯೇ ಅಲ್ವಾ?"

"ಹೌದಪ್ಪ."

"ಸೇರುವಲ್ಲಿ ಕೂದಲೆಳೆಯಷ್ಟು ಪ್ಲಾಸ್ಟಿಕ್ ಹೊರಗೆ ಬಂದೇ ಬರ್ತದೆ. ಅದು ಕೆನ್ನೆಗೆ ತಾಗುವಲ್ಲಿ ಎಂತಕ್ಕೆ?" ಅವನು ಒಳಗೆ ಹೋಗಿ ಲೋಟವೊಂದನ್ನು ತಂದ. "ನಮ್ಮದೇ ಲೋಟ, ನೋಡು. ಬಾಯಿಯನ್ನು ಹೊರಕ್ಕೆ ಮಡಚಿದ್ದೇವೆ. ಗೆರೆ ಕೆಳಗೆ ಹೋಯ್ತು. ತುಟಿಗೆ ತಾಗುವುದೇ ಇಲ್ಲ."

ನಮಿತಾ ಮಾಸ್ಕಿನ ಅಂಚಿನ ಮೇಲೆ ಬೆರಳಾಡಿಸಿದಳು. ಮತ್ತೆ "ಅಪ್ಪಾ!" ಎಂದು ಕೂಗಿ ಫೋನನ್ನೇ ಇಟ್ಟುಬಿಟ್ಟಳು.

ಹತ್ತು ದಿನಗಳಲ್ಲಿ ಹೊಸ ಮಾಸ್ಕು ಬಂತು. ಕೆನ್ನೆಯಲ್ಲಿ ಗುರುತು ಮೂಡಲಿಲ್ಲ. ಈ ಉಪಾಯ ಯಾವ ಪುಸ್ತಕದ್ದು ಎಂದು ನೋರಾ ಕೇಳಿದಳು. ನಮಿತಾ ತುಸು ತಡವರಿಸಿ, ನನ್ನ ಅಪ್ಪನದ್ದು, ಅವರು ಲೋಟ ಮಾಡುತ್ತಾರೆ ಎಂದಳು. ಮುಂದಿನ ಭಾನುವಾರ ನೋರಾಳೇ ಪರದೆಯಲ್ಲಿ ಕಾಣಿಸಿಕೊಂಡಳು. ಇಸ್ತ್ರಿ ಹಾಕಿದ ಅಂಗಿಯಲ್ಲಿ ಕೂತಿದ್ದ ಉಗ್ಗಪ್ಪ ಬೆವರು ಒರೆಸಿಕೊಂಡ. ಆದರೆ ಯಂತ್ರದ ಮಾತು ಶುರುವಾದದ್ದೇ ಅಂಜಿಕೆ ಮರೆಯಿತು. ಅವನ ತುಳುವನ್ನು ಇಂಗ್ಲಿಷಿಗೆ ತಿರುಗಿಸುತ್ತ ನಮಿತಾ ಬೆರಗಾದಳು. ಅಪ್ಪನಿಗೆ ಇಷ್ಟೆಲ್ಲ ಗೊತ್ತೆಂದು ಅವಳಿಗೇ ತಿಳಿದಿರಲಿಲ್ಲ.

ಆಗಸ್ಟಿನಲ್ಲಿ ಊರಿಗೆ ಬಂದವಳು, ಕಾಲೇಜು ಶುರುವಾಗಲು ಹದಿನೈದು ದಿನ ಉಂಟು, ನಿಮ್ಮ ಯಂತ್ರ ಕಲಿಸಿಕೊಡಿ ಎಂದು ಹಟ ಹಿಡಿದಳು. ಘಟಕದ ಯಜಮಾನ ಪ್ರೇಮನಾಥ ಒಪ್ಪಿದ.

ಸೋಮವಾರ ಬೆಳಿಗ್ಗೆ ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಹೋದರು. ಯಂತ್ರದ ಮುಂದೆ ನಿಂತ ಮಗಳನ್ನು ಉಗ್ಗಪ್ಪ ಮೇಲಿಂದ ಕೆಳಗೆ ನೋಡಿದ.

"ಮೊದಲು ಆ ಶಾಲು ತೆಗೆದಿಡು ಮಾರಾಯ್ತಿ, ಯಂತ್ರಕ್ಕೆ ಸಿಕ್ಕಿಕೊಳ್ತದೆ," ಎಂದ. "ಮತ್ತೆ ಇಲ್ಲಿ ಬಂದು ನಿಲ್ಲು."